ಇನ್ನು ಮುಂದೆ ರೇಡಿಯೊದ ಜೊತೆಗೆ ಸ್ಪೀಕರನ್ನೂ ತಂತಿಗಳನ್ನೂ ಕಳುಹಿಸಿ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಹಳೆಯ ಕಾರುಗಳ ಮೂಲ ರೇಡಿಯೊಗಳನ್ನು ದುರಸ್ತಿಗೆ ತೆಗೆದುಕೊಳ್ಳುವ ನಮ್ಮ ಕ್ರಮದಲ್ಲಿ ಮುಂದಿನ ತಿಂಗಳ ಮೊದಲ ತಾರೀಖಿನಿಂದ ಒಂದು ಬದಲಾವಣೆ ಆಗಲಿದೆ. ರೇಡಿಯೊವನ್ನಷ್ಟೇ ಬಿಚ್ಚಿ ಕಳುಹಿಸಿದರೆ ನಮ್ಮ ದುರಸ್ತಿ ಸಹಕಾರಿ ಸಂಘ ಅದನ್ನು ಸ್ವೀಕರಿಸುವುದಿಲ್ಲ. ಅದರ ಜೊತೆಗೆ ಕಾರಿನಲ್ಲಿರುವ ಸ್ಪೀಕರ್, ಬ್ಯಾಟರಿಯ ಕಡೆಯಿಂದ ರೇಡಿಯೊಗೆ ಬರುವ ತಂತಿ ಮತ್ತು ಅದರ ಫ್ಯೂಸ್ ಗೂಡು ಕೂಡ ಬರಬೇಕು. ಕಾರಿನ ಬಳಿ ನಿಂತು ನೀವೇ ಅಳೆದು ತುಂಬಿದ ಒಂದು ಪುಟದ ಮಾಹಿತಿಪತ್ರವೂ ಬೇಕು. ದುರಸ್ತಿಯಾದ ರೇಡಿಯೊ ಮರಳುವಾಗ ನಿಮ್ಮ ಕಾರಿಗೆಂದೇ ಕಟ್ಟಿದ, ನಿಮ್ಮದೇ ಸ್ಪೀಕರಿನೊಂದಿಗೆ ಪರೀಕ್ಷಿಸಿದ ತಂತಿಗಳ ಕಟ್ಟಿನೊಂದಿಗೆ ಬರುತ್ತದೆ. ಇದರಿಂದ ನಿಮಗೆ ಬಿಚ್ಚುವ ಶ್ರಮ ಹೆಚ್ಚುತ್ತದೆ, ಕೆಲಸ ಮುಗಿಯಲು ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತದೆ, ದುರಸ್ತಿಯ ವೆಚ್ಚವೂ ಸ್ವಲ್ಪ ಏರುತ್ತದೆ. ಆದ್ದರಿಂದ ಕಾರಣವನ್ನು ವಿವರವಾಗಿ ಹೇಳುವುದು ನಮ್ಮ ಕರ್ತವ್ಯ.

ನಮ್ಮ ಬೆಂಚಿನ ಮೇಲೆ ಗಂಟೆಗಟ್ಟಲೆ ಚೆನ್ನಾಗಿ ನುಡಿದ ರೇಡಿಯೊ ಕಾರಿನಲ್ಲಿ ಕೂಡಿಸಿದ ಕೆಲವೇ ನಿಮಿಷಗಳಲ್ಲಿ ಸುಮ್ಮನಾಗಿ ಮತ್ತೆ ನಮ್ಮಲ್ಲಿಗೆ ಬರುವುದು ಪದೇ ಪದೇ ನಡೆಯುತ್ತಿದೆ. ತೆರೆದು ನೋಡಿದರೆ ನಾವು ಹಾಕಿದ ಬಿಡಿಭಾಗಗಳೆಲ್ಲ ಸರಿಯಾಗಿಯೇ ಇರುತ್ತವೆ. ಸುಟ್ಟಿರುವುದು ಹಿಂಬದಿಯ ಲೋಹದ ರೆಕ್ಕೆಗಳ ಮೇಲೆ ಕುಳಿತ, ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್. ಆ ಕಾಲದ, ಜರ್ಮೇನಿಯಂ ಎಂಬ ಧಾತುವಿನಿಂದ ಮಾಡಿದ ಪವರ್ ಟ್ರಾನ್ಸಿಸ್ಟರುಗಳ ತಯಾರಿಕೆ ನಿಂತು ಬಹಳ ಕಾಲವಾಗಿದೆ. ಈಗ ಸಿಗುವುದು ಹಳೆಯ ದಾಸ್ತಾನಿನಲ್ಲಿ ಉಳಿದವು ಮಾತ್ರ, ಒಂದು ಸುಟ್ಟರೆ ಲೋಕದಲ್ಲಿ ಒಂದು ಕಡಿಮೆಯಾದಂತೆಯೇ. ಹೀಗೆ ಸುಡುವುದಕ್ಕೆ ಕಾರಣ ಹೆಚ್ಚಿನ ಸಲ ರೇಡಿಯೊದೊಳಗೆ ಇರುವುದಿಲ್ಲ, ಅದರ ಬೆನ್ನಿನಿಂದ ಹೊರಡುವ ಮೂರು ನಾಲ್ಕು ತಂತಿಗಳಲ್ಲಿ ಇರುತ್ತದೆ.

ಮೊದಲನೆಯ ಸಂಗತಿ ಅರ್ತಿನದು, ಅಂದರೆ ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ದೇಹಕ್ಕೆ ಸೇರಿದೆ ಎಂಬುದರದು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಕಾರಿನ ದೇಹಕ್ಕೆ ಸೇರಿರುತ್ತದೆ. ಹಳೆಯ ಕಾರುಗಳಲ್ಲಿ ಹಾಗೆಂದು ನಂಬಿ ಕೈಹಾಕುವಂತಿಲ್ಲ. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು 1967ರವರೆಗೂ ಪಾಸಿಟಿವ್ ಅರ್ತಿನದು, ಅಂದರೆ ಅದರಲ್ಲಿ ಪಾಸಿಟಿವ್ ತುದಿ ದೇಹಕ್ಕೆ ಸೇರಿರುತ್ತಿತ್ತು. ಅಮೆರಿಕದ ಫೋರ್ಡ್ ಕಾರುಗಳು 1955ರವರೆಗೆ 6 ವೋಲ್ಟಿನ ಪಾಸಿಟಿವ್ ಅರ್ತ್ ಹೊಂದಿದ್ದು, 1956ರ ಮಾದರಿಗಳಲ್ಲಿ 12 ವೋಲ್ಟಿನ ನೆಗೆಟಿವ್ ಅರ್ತಿಗೆ ಬಂದವು. ಮೇಲಾಗಿ ಐವತ್ತು ಅರುವತ್ತು ವರ್ಷಗಳಲ್ಲಿ ಹಲವರ ಕೈದಾಟಿ ಬಂದ ಕಾರಿನಲ್ಲಿ ನಡುವೆ ಯಾರೋ ಆಲ್ಟರ್ನೇಟರ್ ಹಾಕಿ ಅರ್ತನ್ನು ತಿರುಗಿಸಿರಬಹುದು. ಕಾರಿನ ಕೈಪಿಡಿಯಲ್ಲಿರುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿ, ನಮಗೆ ಬೇಕಾದದ್ದು ಇವತ್ತಿನ ಸ್ಥಿತಿ.

ಟ್ರಾನ್ಸಿಸ್ಟರ್ ರೇಡಿಯೊಗೆ ಉಲ್ಟಾ ಧ್ರುವ ಕೊಟ್ಟರೆ ಅದು ಹಾಳಾಗಲು ಕ್ಷಣ ಸಾಕು. ಕೆಲವು ತಯಾರಕರು ಹಿಂಬದಿಯಲ್ಲಿ ಧ್ರುವ ಬದಲಾಯಿಸುವ ಪ್ಲಗ್ಗನ್ನೋ ಸ್ವಿಚ್ಚನ್ನೋ ಇಟ್ಟಿದ್ದರು, ಅದು ಯಾವ ಕಡೆಗಿದೆ ಎಂದು ಧೂಳು ಒರೆಸಿ ನೋಡಬೇಕು. ಟ್ರಾನ್ಸಿಸ್ಟರಿಗೂ ಮೊದಲು ಬಂದ, ಗಾಜಿನ ಕೊಳವೆಗಳಿಂದ ನಡೆಯುವ ವಾಲ್ವ್ ರೇಡಿಯೊಗಳ ಕಥೆ ಬೇರೆ. ಅವುಗಳಲ್ಲಿ ವೈಬ್ರೇಟರ್ ಎಂಬ ಲೋಹದ ಡಬ್ಬಿಯೊಳಗೆ ಒಂದು ತೆಳು ಪಟ್ಟಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರಿ ಬ್ಯಾಟರಿಯ ನೇರ ವಿದ್ಯುತ್ತನ್ನು ತುಂಡರಿಸುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ವಾಲ್ವುಗಳಿಗೆ ಬೇಕಾದ ಇನ್ನೂರು ವೋಲ್ಟಿನ ಆಸುಪಾಸಿಗೆ ಏರಿಸುತ್ತದೆ. ಮುಂದೆ ಅದನ್ನು ಮತ್ತೆ ನೇರ ವಿದ್ಯುತ್ತಾಗಿಸುವ ರೆಕ್ಟಿಫೈಯರ್ ವಾಲ್ವ್ ಇದ್ದರೆ ಅರ್ತ್ ಯಾವುದಾದರೂ ಚಿಂತೆಯಿಲ್ಲ. ವೈಬ್ರೇಟರೇ ರೆಕ್ಟಿಫೈಯರಿನ ಕೆಲಸವನ್ನೂ ಮಾಡುವ ಬಗೆಯಲ್ಲಿ ಧ್ರುವ ತಪ್ಪುವಂತಿಲ್ಲ. ವೈಬ್ರೇಟರಿನ ಬದಲು ಇತ್ತೀಚೆಗೆ ಸಿಗುವ ಎಲೆಕ್ಟ್ರಾನಿಕ್ ಬಗೆಯದನ್ನು ಹಾಕಿದ್ದರೆ ಆಗಲೂ ಧ್ರುವ ನೋಡಲೇಬೇಕು.

ಪಾಸಿಟಿವ್ ಅರ್ತಿನ ಕಾರಿಗೆ ನೆಗೆಟಿವ್ ಅರ್ತಿನ ರೇಡಿಯೊ ಬೇಕೇ ಬೇಕು ಎನ್ನುವವರು ರೇಡಿಯೊದ ಪೆಟ್ಟಿಗೆಯನ್ನು ರಬ್ಬರಿನ ವಾಷರುಗಳಿಂದ ಡ್ಯಾಶ್‌ಬೋರ್ಡಿನಿಂದ ಬೇರ್ಪಡಿಸಿ, ತಂತಿಗಳನ್ನು ಅದಲುಬದಲು ಮಾಡಿ ಜೋಡಿಸುತ್ತಾರೆ. ಇದರಲ್ಲಿ ಬಹಳ ಜನ ಮರೆಯುವುದು ಆಂಟೆನಾವನ್ನು. ಆಂಟೆನಾ ಕೇಬಲ್ಲಿನ ಹೊರಗಿನ ಜಾಲರಿ ಒಂದು ತುದಿಯಲ್ಲಿ ರೇಡಿಯೊದ ಪೆಟ್ಟಿಗೆಗೂ ಇನ್ನೊಂದು ತುದಿಯಲ್ಲಿ ಕಾರಿನ ದೇಹಕ್ಕೂ ಸೇರಿರುತ್ತದೆ. ಪೆಟ್ಟಿಗೆಯನ್ನು ಎಷ್ಟೇ ಜೋಪಾನವಾಗಿ ಬೇರ್ಪಡಿಸಿದ್ದರೂ ಆಂಟೆನಾ ಪ್ಲಗ್ ಒಳಹೋಗುತ್ತಿದ್ದಂತೆ ಬ್ಯಾಟರಿಗೆ ಆ ತೆಳು ಜಾಲರಿಯೇ ದಾರಿಯಾಗುತ್ತದೆ, ಫ್ಯೂಸ್ ಸರಿಯಿಲ್ಲದಿದ್ದರೆ ಕೇಬಲ್ ಹೊತ್ತಿಕೊಳ್ಳುತ್ತದೆ. ಹೀಗೆ ಬೇರ್ಪಡಿಸಿ ಕೂಡಿಸುವ ಕೆಲಸವನ್ನು ನಾವು ಇನ್ನು ಒಪ್ಪಿಕೊಳ್ಳುವುದಿಲ್ಲ. ಸಾಧ್ಯವಾದ ಕಡೆ ರೇಡಿಯೊದೊಳಗೇ ಧ್ರುವ ಬದಲಿಸಿ, ಹಾಗೆ ಮಾಡಿದ್ದೇವೆಂದು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ ಕೊಡುತ್ತೇವೆ. ರೇಡಿಯೊಗೋಸ್ಕರ ಇಡೀ ಕಾರಿನ ಅರ್ತನ್ನು ತಿರುಗಿಸಿ ಎಂದು ನಾವು ಯಾರಿಗೂ ಹೇಳುವುದಿಲ್ಲ.

ಎರಡನೆಯ ಸಂಗತಿ ಸ್ಪೀಕರ್. ಅದನ್ನೂ ಕಳುಹಿಸಿ ಎಂದು ನಾವು ಹಟ ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ. ಜನರಲ್ ಮೋಟರ್ಸ್ ಕಾರುಗಳಲ್ಲಿದ್ದ 1960ರ ದಶಕದ ಡೆಲ್ಕೊ ಟ್ರಾನ್ಸಿಸ್ಟರ್ ರೇಡಿಯೊಗಳನ್ನು 10 ಓಮ್ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆಂದು ರೂಪಿಸಲಾಗಿತ್ತು. ಮೂಲ ಸ್ಪೀಕರಿನ ಕಾಗದ ಹರಿದಾಗ ಜನ ಸುಲಭವಾಗಿ ಸಿಗುವ 4 ಓಮ್ ಸ್ಪೀಕರನ್ನು ಹಾಕುತ್ತಾರೆ. ಶಬ್ದವೇನೋ ಬರುತ್ತದೆ, ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ತಾನು ಎಂದೂ ಹೊರಬಾರದಿದ್ದ ಕರೆಂಟನ್ನು ಹೊರುತ್ತ ಬಿಸಿಯಾಗುತ್ತ ಹೋಗುತ್ತದೆ. ಜರ್ಮೇನಿಯಂ ಬಿಸಿಯಾದಷ್ಟೂ ಹೆಚ್ಚು ಕರೆಂಟನ್ನು ಬಿಡುತ್ತದೆ, ಹೆಚ್ಚು ಕರೆಂಟಿನಿಂದ ಇನ್ನಷ್ಟು ಬಿಸಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಡ್ಯಾಶ್‌ಬೋರ್ಡಿನ ಹಿಂದಿನ ಇಕ್ಕಟ್ಟಿನಲ್ಲಿ ಇದು ಎಲ್ಲಿಗೆ ಮುಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಸ್ಪೀಕರನ್ನು ಮೀಟರಿನಲ್ಲಿ ಅಳೆದರೆ ಬರೆದ ಅಂಕಿಗಿಂತ ತುಸು ಕಡಿಮೆ ತೋರಿಸುತ್ತದೆ. 4 ಓಮಿನದು ಮೂರು ಚಿಲ್ಲರೆ, 10 ಓಮಿನದು ಎಂಟು ಒಂಬತ್ತರ ಸುತ್ತಮುತ್ತ. ಅಳೆದ ಅಂಕಿಯನ್ನು ಇದ್ದಂತೆಯೇ ಬರೆಯಿರಿ, ಸರಿಪಡಿಸಲು ಹೋಗಬೇಡಿ. ಇನ್ನೊಂದು ಮಾತು: ಸ್ಪೀಕರ್ ಜೋಡಿಸದೆ ರೇಡಿಯೊವನ್ನು ಎಂದೂ ಚಾಲೂ ಮಾಡಬೇಡಿ. ದೀಪ ಹೊತ್ತಿಕೊಳ್ಳುತ್ತದೆಯೇ ಎಂದು ನೋಡಲು ಒಂದು ನಿಮಿಷ ಹಾಕಿದೆ ಎನ್ನುವವರು ಇದ್ದಾರೆ. ಭಾರವಿಲ್ಲದೆ ನಡೆಯುವ ಔಟ್‌ಪುಟ್ ಭಾಗದಲ್ಲಿ ವೋಲ್ಟೇಜ್ ಹಠಾತ್ತನೆ ಜಿಗಿದು ಟ್ರಾನ್ಸಿಸ್ಟರನ್ನು ಭೇದಿಸಬಹುದು, ವಾಲ್ವ್ ರೇಡಿಯೊದಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯೇ ಸುಟ್ಟುಹೋಗಬಹುದು. ಕೆಲವು ರೇಡಿಯೊಗಳಲ್ಲಿ ಸ್ಪೀಕರಿನ ಎರಡೂ ತಂತಿಗಳು ದೇಹಕ್ಕೆ ತಾಗಕೂಡದು. ಒಂದನ್ನು ಹತ್ತಿರದ ಸ್ಕ್ರೂವಿಗೆ ಬಿಗಿಯುವ ಹಳೆಯ ಅಭ್ಯಾಸ ಅಲ್ಲಿ ಅಪಾಯ.

ಬ್ಯಾಟರಿಯ ತಂತಿಯನ್ನು ಏಕೆ ಕೇಳುತ್ತಿದ್ದೇವೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 6 ವೋಲ್ಟಿನ ಕಾರಿನ ವಾಲ್ವ್ ರೇಡಿಯೊ ಸುಮಾರು 8 ಆಂಪಿಯರ್ ಎಳೆಯಬಹುದು. ಫ್ಯೂಸ್ ಗೂಡಿನೊಳಗಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದು ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ತಡೆ ಹುಟ್ಟಿದರೆ ಅಲ್ಲಿಯೇ 0.8 ವೋಲ್ಟ್ ಕಳೆದುಹೋಗುತ್ತದೆ, ರೇಡಿಯೊಗೆ ಉಳಿಯುವುದು 5.2. ಅಷ್ಟೇ ಶಕ್ತಿ ಬೇಡುವ 12 ವೋಲ್ಟಿನ ರೇಡಿಯೊದಲ್ಲಿ ಇದೇ ಕಿಲುಬು 0.4 ವೋಲ್ಟನ್ನು ಮಾತ್ರ ತಿನ್ನುತ್ತದೆ, ಅದು ಗೊತ್ತೂ ಆಗುವುದಿಲ್ಲ. ಕಡಿಮೆ ವೋಲ್ಟಿನಲ್ಲಿ ವೈಬ್ರೇಟರಿನ ಪಟ್ಟಿ ಅದುರಲು ಹೊರಟು ಅಂಟಿಕೊಳ್ಳುತ್ತದೆ, ಆಗ ಕರೆಂಟ್ ಒಮ್ಮೆಲೇ ಏರಿ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋಯಿತೆಂದು ಅದಕ್ಕಿಂತ ದೊಡ್ಡದನ್ನು ಹಾಕಿದರೆ ಮುಂದಿನ ಸಲ ಹೋಗುವುದು ಟ್ರಾನ್ಸ್‌ಫಾರ್ಮರ್. ಚಾಲೂ ಮಾಡಿದಾಗ ವೈಬ್ರೇಟರಿನ ಗುಂಯ್ ಎಂಬ ಸಣ್ಣ ಸದ್ದು ಕೇಳಿಸದಿದ್ದರೆ ತಕ್ಷಣ ಗುಂಡಿ ತಿರುಗಿಸಿ ಆರಿಸಿಬಿಡಿ.

ಈ ತಂತಿಯನ್ನು ಕಾರಿನ ಕಡೆ ಎಲ್ಲಿಗೆ ಜೋಡಿಸಿದ್ದೀರಿ ಎಂಬುದನ್ನೂ ಮಾಹಿತಿಪತ್ರದಲ್ಲಿ ಬರೆಯಿರಿ. ಎಂಜಿನ್ನಿನ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ತುದಿ ಕೈಗೆ ಸುಲಭವಾಗಿ ಸಿಗುತ್ತದೆಂದು ಅಲ್ಲಿಂದ ಎಳೆದ ತಂತಿಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅಲ್ಲಿ ಕಿಡಿಯ ಗದ್ದಲವೆಲ್ಲ ನೇರವಾಗಿ ರೇಡಿಯೊದೊಳಗೆ ಬರುತ್ತದೆ. ಕಾಯಿಲಿಗೆ ಹೋಗುವ ವೋಲ್ಟೇಜನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರಿನಲ್ಲಿ ವೋಲ್ಟೇಜೂ ಕಡಿಮೆ ಸಿಗುತ್ತದೆ. ಫ್ಯೂಸ್ ಪೆಟ್ಟಿಗೆಯಿಂದಲೋ ಇಗ್ನಿಷನ್ ಸ್ವಿಚ್ಚಿನ ಆಕ್ಸೆಸರಿ ತುದಿಯಿಂದಲೋ ತೆಗೆದುಕೊಳ್ಳುವುದು ಸರಿಯಾದ ದಾರಿ. ನಾವು ಕಟ್ಟಿ ಕೊಡುವ ತಂತಿಯಲ್ಲಿ ಫ್ಯೂಸ್ ಆ ತುದಿಗೆ ಹತ್ತಿರ ಇರುತ್ತದೆ, ತಂತಿಯ ದಪ್ಪ ನಿಮ್ಮ ಕಾರಿನ ವೋಲ್ಟಿಗೆ ತಕ್ಕಂತೆ ಇರುತ್ತದೆ. ಕಾರಿನ ಮೂಲ ವೈರಿಂಗಿನ ಒಂದು ಎಳೆಯನ್ನೂ ಕತ್ತರಿಸದೆ ಕೂಡಿಸುವಂತೆ ಕೊನೆಯ ಜೋಡಣೆಗಳನ್ನು ಹಾಕಿರುತ್ತೇವೆ. ಬಟ್ಟೆ ಹೊದಿಸಿದ ಹಳೆಯ ತಂತಿ ಇನ್ನೂ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಂಡು ತುದಿಗಳನ್ನಷ್ಟೇ ಹೊಸದಾಗಿ ಬೆಸೆಯುತ್ತೇವೆ. ಆ ತಂತಿಯೂ ಕಾರಿನ ಚರಿತ್ರೆಯ ಒಂದು ಭಾಗ ಎಂದೇ ನಮ್ಮ ಭಾವನೆ.

ಆಂಟೆನಾ ಕೇಬಲ್ಲನ್ನು ಕಳುಹಿಸಬೇಕಿಲ್ಲ. ಆದರೆ ಅದನ್ನು ಕತ್ತರಿಸಿ ನಡುವೆ ಸಾಮಾನ್ಯ ಕೇಬಲ್ ಸೇರಿಸಿದ್ದರೆ ತಿಳಿಸಿ. ಕಾರಿನ ಆಂಟೆನಾ ಕೇಬಲ್ಲಿನ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಬೇಕೆಂದೇ ಕಡಿಮೆ ಇಟ್ಟಿರುವಂಥದ್ದು, ಬೇರೆ ಕೇಬಲ್ ಸೇರಿದರೆ ಮೀಡಿಯಂ ವೇವ್ ನಿಲ್ದಾಣಗಳು ಕುಗ್ಗುತ್ತವೆ. ರೇಡಿಯೊವನ್ನು ಕೂಡಿಸಿದ ಮೇಲೆ ಆಂಟೆನಾವನ್ನು ಪೂರ್ತಿ ಎತ್ತಿ, 1400 ಕಿಲೋಹರ್ಟ್ಜ್ ಬಳಿ ಒಂದು ಕ್ಷೀಣವಾದ ನಿಲ್ದಾಣ ಹಿಡಿದು, ಆಂಟೆನಾ ಟ್ರಿಮ್ಮರಿನ ಪುಟ್ಟ ಸ್ಕ್ರೂವನ್ನು ಶಬ್ದ ಅತ್ಯಂತ ಜೋರಾಗುವವರೆಗೆ ತಿರುಗಿಸಿ. ಈ ಕೆಲಸವನ್ನು ನಾವು ಬೆಂಚಿನ ಮೇಲೆ ಮಾಡಿ ಕೊಡಲಾಗದು, ಏಕೆಂದರೆ ಅದು ನಿಮ್ಮ ಕಾರಿನ ಆಂಟೆನಾಕ್ಕೆ ಹೊಂದಿಸುವ ಕೆಲಸ.

ಎಂಜಿನ್ ಓಡುವಾಗ ಬರುವ ಗರಗರ ಸದ್ದಿನ ಬಗ್ಗೆಯೂ ಒಂದು ಎಚ್ಚರಿಕೆ. ಶಬ್ದ ತಡೆಯುವ ಕಂಡೆನ್ಸರನ್ನು ಬ್ಯಾಟರಿ ತುಂಬುವ ಡೈನಮೊದ ಔಟ್‌ಪುಟ್ ತುದಿಗೆ ಹಾಕಬೇಕು, ಫೀಲ್ಡ್ ತುದಿಗೆ ಹಾಕಿದರೆ ಡೈನಮೊವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ಕಾಂಟ್ಯಾಕ್ಟುಗಳು ಸುಡುತ್ತವೆ. ಕಾಯಿಲಿನಲ್ಲಿ ಸ್ವಿಚ್ಚಿನ ಕಡೆಯ ತುದಿಗೆ ಹಾಕಬೇಕು, ಡಿಸ್ಟ್ರಿಬ್ಯೂಟರಿನ ಕಡೆಗೆ ಹಾಕಿದರೆ ಎಂಜಿನ್ ಎಡವುತ್ತದೆ. ಬೇಕೆಂದವರಿಗೆ ಈ ಕಂಡೆನ್ಸರುಗಳನ್ನೂ ತಂತಿಯ ಕಟ್ಟಿನ ಜೊತೆ ಇಟ್ಟು ಕಳುಹಿಸುತ್ತೇವೆ.

ಮಾಹಿತಿಪತ್ರ ತುಂಬಲು ಬೇಕಾಗುವುದು ಸಾಧಾರಣ ಮಲ್ಟಿಮೀಟರ್ ಒಂದೇ. ಬ್ಯಾಟರಿಯ ಯಾವ ತುದಿಯಿಂದ ದಪ್ಪ ಪಟ್ಟಿ ಕಾರಿನ ದೇಹಕ್ಕೆ ಹೋಗಿದೆ ಎಂದು ಕಣ್ಣಾರೆ ನೋಡಿ. ಕೆಂಪು, ಕಪ್ಪು ಬಣ್ಣಗಳನ್ನು ನಂಬಬೇಡಿ, ಬ್ಯಾಟರಿಯ ಮೇಲೆ ಅಚ್ಚಾದ ಗುರುತನ್ನು ನೋಡಿ. ಬಳಿಕ ಮೀಟರಿನ ಕಪ್ಪು ಮೊನೆಯನ್ನು ಡ್ಯಾಶ್‌ಬೋರ್ಡಿನ ಬಣ್ಣವಿಲ್ಲದ ಲೋಹಕ್ಕೂ ಕೆಂಪು ಮೊನೆಯನ್ನು ರೇಡಿಯೊಗೆ ಬರುವ ತಂತಿಗೂ ತಾಗಿಸಿ. ಅಂಕಿಯ ಮುಂದೆ ಮೈನಸ್ ಬಂದರೆ ಅದು ಪಾಸಿಟಿವ್ ಅರ್ತಿನ ಕಾರು. ಎಂಜಿನ್ ನಿಂತಿರುವಾಗ ಒಮ್ಮೆ, ಚುರುಕಾಗಿ ಓಡುತ್ತಿರುವಾಗ ಒಮ್ಮೆ ಅಳೆದು ಎರಡೂ ಅಂಕಿಗಳನ್ನು ಬರೆಯಿರಿ. ಮೀಟರ್ ಹಿಡಿಯಲು ಅಳುಕಿದ್ದರೆ ಬ್ಯಾಟರಿಯ, ಡ್ಯಾಶ್‌ಬೋರ್ಡಿನ ಹಿಂಬದಿಯ ಮತ್ತು ಸ್ಪೀಕರಿನ ಸ್ಪಷ್ಟ ಚಿತ್ರಗಳನ್ನು ಕಳುಹಿಸಿ, ಉಳಿದದ್ದನ್ನು ಮಾತನಾಡಿ ತಿಳಿದುಕೊಳ್ಳುತ್ತೇವೆ. ಬಿಚ್ಚುವ ಮುನ್ನ ಬ್ಯಾಟರಿಯ ಅರ್ತ್ ತುದಿಯನ್ನು ಕಳಚಿಡಿ, ಪ್ರತಿ ತಂತಿಗೂ ಚೀಟಿ ಕಟ್ಟಿ.

ಮೂಲ ಸ್ಪೀಕರ್ ಕಳೆದುಹೋಗಿರುವ ಕಾರುಗಳಿಗೆ ಸರಿಯಾದ ಓಮಿನ ಸ್ಪೀಕರನ್ನು ನಾವೇ ಹುಡುಕಿ ಜೋಡಿಸುತ್ತೇವೆ, ಅದಿಲ್ಲದೆ ರೇಡಿಯೊವನ್ನು ಹಿಂದಿರುಗಿಸುವುದಿಲ್ಲ. ಮೂಲ ಒಳಭಾಗವನ್ನು ತೆಗೆದುಹಾಕಿ ಬ್ಲೂಟೂತ್ ಹಲಗೆ ಕೂಡಿಸಿಕೊಡಿ ಎಂದು ಕೆಲವರು ಕೇಳುತ್ತಾರೆ. ಅದನ್ನು ನಾವು ಹಿಂದೆಯೂ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ. ಮೊಬೈಲಿನ ಹಾಡು ಬೇಕಿದ್ದವರಿಗೆ ಮೂಲ ಸರ್ಕ್ಯೂಟನ್ನು ಹಾಗೆಯೇ ಉಳಿಸಿಕೊಂಡು, ಬೇಡವೆಂದಾಗ ಗುರುತಿಲ್ಲದಂತೆ ಬಿಚ್ಚಬಹುದಾದ ಒಂದು ಹೆಚ್ಚುವರಿ ತಂತಿಯನ್ನು ಕೊಡಬಲ್ಲೆವು. ನಿಮ್ಮ ರೇಡಿಯೊದ ಸರ್ಕ್ಯೂಟ್ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂಬುದನ್ನು ತೆರೆದು ನೋಡಿದ ಮೇಲೆಯೇ ಹೇಳುತ್ತೇವೆ.

ಈಗಾಗಲೇ ನಮ್ಮ ಬಳಿ ಇರುವ ರೇಡಿಯೊಗಳಿಗೆ ಹಳೆಯ ಕ್ರಮ ಮತ್ತು ಮೊದಲು ತಿಳಿಸಿದ ವೆಚ್ಚವೇ ಅನ್ವಯಿಸುತ್ತದೆ. ಅವುಗಳ ಒಡೆಯರು ಸ್ಪೀಕರನ್ನೂ ತಂತಿಯನ್ನೂ ಕಳುಹಿಸಲು ಇಷ್ಟಪಟ್ಟರೆ ಹೆಚ್ಚಿನ ಶುಲ್ಕವಿಲ್ಲದೆ ಹೊಸ ಕಟ್ಟನ್ನು ಮಾಡಿಕೊಡುತ್ತೇವೆ. ಸರದಿಯಲ್ಲಿರುವವರಿಗೆ ಮಾಹಿತಿಪತ್ರವನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇವೆ, ಅದು ತುಂಬಿ ಬಂದ ಕ್ರಮದಲ್ಲಿ ಕೆಲಸ ಕೈಗೆತ್ತಿಕೊಳ್ಳುತ್ತೇವೆ. ಸ್ಪೀಕರನ್ನು ಕಟ್ಟುವಾಗ ಅದರ ಕಾಗದದ ಮುಖಕ್ಕೆ ಗಟ್ಟಿ ರಟ್ಟನ್ನು ಅಡ್ಡ ಇಟ್ಟು, ರೇಡಿಯೊದಿಂದ ಬೇರೆಯಾದ ಪೆಟ್ಟಿಗೆಯಲ್ಲಿ ಕಳುಹಿಸಿ.

ವಿಶ್ವಾಸದಿಂದ,
ಸಹಕಾರಿಯ ದುರಸ್ತಿ ಬೆಂಚಿನ ಎಲ್ಲ ಸದಸ್ಯರ ಪರವಾಗಿ