ಅಂಕಿ ಬರೆದುಕೊಂಡ ಅಣ್ಣನಿಗೆ

ಶುಕ್ರವಾರ ವೈವಾ ಮುಗಿಯಿತು. ಪಿಎಚ್‌ಡಿ ಆಯ್ತು! ಬಳ್ಳಾರಿಯಲ್ಲಿ ಕೂತು, ಚಿಪ್ ಮೇಲಿನ 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ) ದಪ್ಪದ ಪೊರೆ ಅಲುಗಾಡಿಸುವ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಕೊರೆಯಲ್ಲ. ಬಿಸಿ ಮಾಡಿ ಬಗ್ಗಿಸಬಹುದಿತ್ತು, ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವ ಪಿಜೋ ಪದರ ಕೂರಿಸಬಹುದಿತ್ತು, ಕಾಯಿಲ್ ಇಟ್ಟು ಆಯಸ್ಕಾಂತದಿಂದ ಎಳೆಯಬಹುದಿತ್ತು. ಕರೆಂಟ್ ಜಾಸ್ತಿ ತಿನ್ನಲ್ಲ ಅಂತ ನಾನು, ಪೊರೆಗೂ ಅದರ ಕೆಳಗಿನ ತಟ್ಟೆಗೂ ನಡುವೆ ವೋಲ್ಟೇಜ್ ಕೊಟ್ಟಾಗ ಹುಟ್ಟುವ ಸೆಳೆತಕ್ಕೇ ಅಂಟಿಕೊಂಡೆ. ಪೊರೆಯೂ ಅಂಟಿಕೊಂಡಿತು, ಅದು ಬೇರೆ ಮಾತು.

ಗೈಡ್ ಮೇಡಂ, ಚಿಪ್ ಮಾಡಿಕೊಟ್ಟ ಬೆಂಗಳೂರಿನ ಕ್ಲೀನ್‌ರೂಮಿನವರು, ಹಾಸ್ಟೆಲ್ ಗೆಳೆಯರು, ದುಡ್ಡು ಕೇಳಿದಾಗ ಒಮ್ಮೆಯೂ ಯಾಕೆ ಅನ್ನದ ಅಪ್ಪ, ಎಲ್ಲರಿಗೂ ಕೈಮುಗಿದೆ.

ಉಳಿದಿದ್ದೆಲ್ಲ ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ. ಹೆಸರು ಹಾಕಿದರೆ ಮಾತಾಡಿಸಲ್ಲ ಅಂದಿದ್ದಾರೆ.

ಮೇ ತಿಂಗಳ ರಾತ್ರಿ. ಫ್ಯಾನ್ ಗಾಳಿಯೂ ಬಿಸಿ. 5 ಚಿಪ್‌ಗಳಲ್ಲಿ 3 ಆಗಲೇ ಹೋಗಿದ್ದವು. ಪ್ರತಿ ಸಲ ಅದೇ ಕಥೆ. ವೋಲ್ಟೇಜ್ ಏರಿಸಿದಂತೆ ಪೊರೆ ಕೆಳಗಿನ ತಟ್ಟೆಯ ಕಡೆ ಬಾಗುತ್ತದೆ. ಹತ್ತಿರ ಹೋದಷ್ಟೂ ಸೆಳೆತ ಜಾಸ್ತಿ. ಪುಸ್ತಕದ ಸರಳ ಲೆಕ್ಕದಲ್ಲಿ, ನಡುವಿನ ಜಾಗದ ಮೂರನೇ ಒಂದು ಭಾಗ ದಾಟಿತೋ, ಪೊರೆಯ ಬಿಗಿ ಸೋತು ಫಟ್ ಅಂತ ಕೆಳಗೆ ಬೀಳುತ್ತದೆ. ನನ್ನವು ಬಿದ್ದ ಮೇಲೆ ಏಳಲೇ ಇಲ್ಲ. ಸ್ವಿಚ್ ಆರಿಸಿದರೂ ಕೆಪಾಸಿಟೆನ್ಸ್ ಅಂಕಿ (ಪೊರೆ ತಟ್ಟೆಗೆ ಹತ್ತಿರವಾದಷ್ಟೂ ಏರುವ ಅಳತೆ) ಇಳಿಯಲಿಲ್ಲ. ನಾಲ್ಕನೆಯದೂ ಹಾಗೇ ಹೋದಾಗ ಸ್ಟೂಲ್ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲ ಬಿಟ್ಟು ಊರಿಗೆ ಹೋಗ್ತೀನಿ ಅಂದೆ. ನಿಜವಾಗಿಯೂ ಹೋಗುವವನಿದ್ದೆ.

ಅಣ್ಣ ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ಸಂಜೆ ತಂದಿದ್ದ ಒಗ್ಗರಣಿ ಮಿರ್ಚಿ ಪೊಟ್ಟಣ ಬಿಚ್ಚಿ ಮುಂದಿಟ್ಟರು. ಮಿರ್ಚಿ ತಣ್ಣಗಾಗಿ ಮೆತ್ತಗಾಗಿತ್ತು. "ಮೊದ್ಲ ತಿನ್ರಿ ಸರ. ಆಮ್ಯಾಲ ನೀವು ಗುಂಡಿ ತಿರುವ್ರಿ, ನಾ ಅಂಕಿ ಬರಕೊಂತೀನಿ."

ಅವರು ಹಿಂದೆ ಜೀನ್ಸ್ ಹೊಲಿಯುವ ಕಡೆ ಲೆಕ್ಕ ಬರೆಯುತ್ತಿದ್ದವರು. ಉಳಿದಿದ್ದ ಕೊನೆಯ ಚಿಪ್‌ಗೆ ಅರ್ಧ ವೋಲ್ಟ್‌ಗೊಂದು ಅಂಕಿ ಬರೆದರು. ಅದರ ಪಕ್ಕ, ಹಿಂದಿನದಕ್ಕಿಂತ ಎಷ್ಟು ಹೆಚ್ಚಾಯಿತು ಅಂತ ಇನ್ನೊಂದು ಸಾಲು. ನಾನೇನೂ ಹೇಳಿರಲಿಲ್ಲ. ಮೂರು ಗಂಟೆ ಸುಮಾರಿಗೆ, "ನಿಂದ್ರಸ್ರಿ ಸರ, ಜಿಗಿತ ದೊಡ್ಡದಾಗಾಕತ್ತೈತಿ" ಅಂದರು. ಬೀಳುವ ಮುಂಚಿನ ಸುಳಿವು ಅದೇ ಅಲ್ವಾ! ನಾನು ಮೀಟರ್ ನೋಡುತ್ತಾ ಕೂತಿದ್ದೆ, ಅವರು ಸಾಲು ನೋಡುತ್ತಿದ್ದರು. ನಿಲ್ಲಿಸಿದೆ. ನಿಧಾನಕ್ಕೆ ಇಳಿಸಿದೆ. ಅಂಕಿ ಮೊದಲಿದ್ದ ಜಾಗಕ್ಕೆ ವಾಪಸ್ ಬಂತು.

ಥೀಸಿಸ್‌ನ ನಾಲ್ಕನೇ ಅಧ್ಯಾಯದ ಗ್ರಾಫ್ ಆ ನೋಟ್‌ಬುಕ್ಕಿನದೇ. ವೈವಾದಲ್ಲಿ ಅದು ಪರದೆ ಮೇಲೆ ಬಂದಾಗ ಅಣ್ಣ ಬಾಗಿಲ ಹತ್ತಿರ ಚಹಾ ಲೋಟ ಜೋಡಿಸುತ್ತಿದ್ದರು. ಒಮ್ಮೆ ತಲೆ ಎತ್ತಿ ನೋಡಿದರು. ಮತ್ತೆ ಲೋಟ ಎಣಿಸತೊಡಗಿದರು.

ಅಣ್ಣಾ, ಮಿರ್ಚಿ ಎಣ್ಣೆ ಕಲೆ ಇರುವ ಆ ನೋಟ್‌ಬುಕ್ ನಾನು ವಾಪಸ್ ಕೊಡಲ್ಲ.