ಬೂಟ್‌ಲೋಡರ್ ಪಾಠವೂ ಪ್ರಯೋಗಾಲಯಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ಉದ್ಯಮಬಾಗದಲ್ಲಿ ನೀರಾವರಿ ಪಂಪ್‌ಸೆಟ್‌ಗಳ ನಿಯಂತ್ರಣ ಬೋರ್ಡುಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನಾನು, ನಮ್ಮಲ್ಲಿಗೆ ತರಬೇತಿಗೆ ಬರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಮೇಲಿಂದ ಮೇಲೆ ಕಂಡ ಕೊರತೆಯೊಂದರ ಬಗ್ಗೆ ಬರೆಯುತ್ತಿದ್ದೇನೆ. ಹಲವು ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್‌ನ ಟಾಸ್ಕ್‌ಗಳನ್ನು (ಅದು ಓಡಿಸುವ ಒಂದೊಂದು ಕೆಲಸ), ಅವುಗಳ ನಡುವೆ ಹೊಂದಾಣಿಕೆ ತರುವ ಕ್ಯೂ, ಸೆಮಫೋರ್‌ಗಳನ್ನು ಅವರು ಚೆನ್ನಾಗಿಯೇ ವಿವರಿಸುತ್ತಾರೆ. ಆದರೆ ಬೋರ್ಡಿಗೆ ಕರೆಂಟು ಬಂದ ಕ್ಷಣದಿಂದ ಮೊದಲ ಟಾಸ್ಕ್ ಓಡುವವರೆಗೆ ಚಿಪ್ಪಿನೊಳಗೆ ನಡೆಯುವುದೇನು ಎಂದು ಕೇಳಿದರೆ ಉತ್ತರವಿಲ್ಲ. ಪ್ರಯೋಗಾಲಯದಲ್ಲಿ ಗುಂಡಿಯೊಂದನ್ನು ಒತ್ತಿದರೆ ಡಿಬಗರ್ ಎಂಬ ಉಪಕರಣ ಪ್ರೋಗ್ರಾಮನ್ನು, ಕರೆಂಟು ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಯ ಆರಂಭಕ್ಕೇ ಇಳಿಸಿಬಿಡುವುದರಿಂದ, ಕರೆಂಟು ಬಂದೊಡನೆ ಮೊದಲು ಓಡಿ ಮುಖ್ಯ ಪ್ರೋಗ್ರಾಮನ್ನು ಶುರುಮಾಡುವ ಬೂಟ್‌ಲೋಡರ್ ಎಂಬುದು ಅವರ ಕಣ್ಣಿಗೆ ಬಿದ್ದಿರುವುದೇ ಇಲ್ಲ.

ಈಚೆಗೆ ಇಬ್ಬರು ವಿದ್ಯಾರ್ಥಿಗಳು ಕಾರ್ಟೆಕ್ಸ್-ಎಂ3 ಪ್ರೊಸೆಸರ್ ಇರುವ ಚಿಪ್ಪಿನ ಫ್ಲ್ಯಾಶ್‌ನ ಮೊದಲ 32 ಕೆಬಿಯಲ್ಲಿ ಬೂಟ್‌ಲೋಡರನ್ನೂ ಅದರಾಚೆ ಫ್ರೀಆರ್‌ಟಿಓಎಸ್ ಎಂಬ ರಿಯಲ್ ಟೈಮ್ ಸಿಸ್ಟಮ್‌ನ ತಿರುಳಾದ ಕರ್ನಲನ್ನೂ ಇರಿಸಿದ್ದರು. ಈ ಜಾತಿಯ ಪ್ರೊಸೆಸರ್ ರೀಸೆಟ್ ಆದಾಗ, ಯಾವ ಘಟನೆಗೆ ಯಾವ ಕೋಡು ಓಡಬೇಕೆಂಬ ವಿಳಾಸಗಳ ಪಟ್ಟಿಯಾದ ವೆಕ್ಟರ್ ಟೇಬಲ್‌ನ ಮೊದಲ ನಮೂದಿನಿಂದ ಸ್ಟ್ಯಾಕ್ ಪಾಯಿಂಟರನ್ನೂ (ತಾತ್ಕಾಲಿಕ ಮಾಹಿತಿ ಇಡುವ ಜಾಗದ ವಿಳಾಸ) ಎರಡನೆಯದರಿಂದ ಮೊದಲು ಓಡಬೇಕಾದ ಕೋಡಿನ ವಿಳಾಸವನ್ನೂ ತೆಗೆದುಕೊಳ್ಳುತ್ತದೆ. ಬೂಟ್‌ಲೋಡರ್ ಕರ್ನಲ್‌ಗೆ ಜಿಗಿಯುವಾಗ ಅದೇ ಕೆಲಸವನ್ನು ತಾನೇ ಮಾಡಬೇಕು. ಹುಡುಗರು ಅಷ್ಟನ್ನೂ ಮಾಡಿ, ವೆಕ್ಟರ್ ಟೇಬಲ್ ಎಲ್ಲಿದೆಯೆಂದು ಹೇಳುವ ವಿಟಿಓಆರ್ ರಿಜಿಸ್ಟರಿಗೂ ಹೊಸ ವಿಳಾಸ ಬರೆದಿದ್ದರು. ಸೀರಿಯಲ್ ಪೋರ್ಟಿನಲ್ಲಿ ಕರ್ನಲ್‌ನ ಸಂದೇಶಗಳು ಬಂದವು, ಟಾಸ್ಕ್‌ಗಳೆಲ್ಲ ಸೃಷ್ಟಿಯಾದವು, ಟಾಸ್ಕ್‌ಗಳನ್ನು ಸರದಿಯಂತೆ ಓಡಿಸುವ ಶೆಡ್ಯೂಲರ್ ಶುರುವಾಗಬೇಕಾದ ಹೊತ್ತಿಗೆ ಎಲ್ಲವೂ ಸ್ತಬ್ಧ. ಎರಡು ದಿನ ಪವರ್ ಸಪ್ಲೈಯನ್ನೇ ದೂರಿದೆವು (ನಾನೂ ಸೇರಿ).

ನಿಜವಾದ ಕಾರಣ ಚಿಪ್ಪಿನ ಜೊತೆ ಸಿಗುವ ಆರಂಭಿಕ ಕೋಡಿನಲ್ಲಿತ್ತು. ಕರ್ನಲ್ ಕಡೆಗೆ ಜಿಗಿದ ಮೇಲೆ ಓಡುವ ಆ ಕೋಡು, ಬೂಟ್‌ಲೋಡರ್ ಸರಿಪಡಿಸಿದ್ದ ವಿಟಿಓಆರ್ ಅನ್ನು ಪುನಃ ಫ್ಲ್ಯಾಶ್‌ನ ಆರಂಭಕ್ಕೇ ತಿರುಗಿಸುತ್ತಿತ್ತು. ಫ್ರೀಆರ್‌ಟಿಓಎಸ್ ಮೊದಲ ಟಾಸ್ಕನ್ನು ವೆಕ್ಟರ್ ಟೇಬಲ್ ನೋಡಿ ಕೋಡು ಓಡಿಸುವ ಎಸ್‌ವಿಸಿ ಎಂಬ ಸೂಚನೆಯ ಮೂಲಕ ಎಬ್ಬಿಸುವುದರಿಂದ, ಕರ್ನಲ್‌ನ ಆ ಕರೆ ಬೂಟ್‌ಲೋಡರಿನ ಟೇಬಲ್‌ಗೆ ಹೋಗಿ, ಅಲ್ಲಿನ ಖಾಲಿ ಲೂಪಿನಲ್ಲಿ ಸುತ್ತುತ್ತ ಉಳಿಯುತ್ತಿತ್ತು. ಒಂದು ಸಾಲು ತಿದ್ದಿದೊಡನೆ ಬೋರ್ಡು ಓಡಿತು. ಬೂಟ್‌ಲೋಡರ್ ಚಾಲೂ ಮಾಡಿದ ಟೈಮರನ್ನು ನಿಲ್ಲಿಸದೆ ಜಿಗಿದರೆ ಕರ್ನಲ್ ಸಿದ್ಧವಾಗುವ ಮೊದಲೇ ಟಿಕ್ (ಟೈಮರಿನ ನಿಯತ ಬಡಿತ) ಬಂದು ಕೆಡುವುದು, ಒಮ್ಮೆ ಶುರುವಾದರೆ ರೀಸೆಟ್ ಆಗುವತನಕ ನಿಲ್ಲದ ವಾಚ್‌ಡಾಗನ್ನು (ಪ್ರೋಗ್ರಾಮು ಆಗಾಗ ಸುಳಿವು ಕೊಡದಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಕರ್ನಲ್ ಮರೆತು ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗುವುದು, ಇವೂ ಇದೇ ಜಾತಿಯ ತೊಂದರೆಗಳು.

ಇದು ಬರೀ ಪರೀಕ್ಷೆಯ ವಿಷಯವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಬೈಲಹೊಂಗಲ, ಸವದತ್ತಿ ಕಡೆಯ ಹೊಲಗಳಲ್ಲಿ ತ್ರೀಫೇಸ್ ಕರೆಂಟು ಬಂದು ಹೋಗಿ ಮಾಡುವುದರಿಂದ ನಮ್ಮ ಬೋರ್ಡುಗಳು ದಿನಕ್ಕೆ ಹಲವು ಸಲ ಬೂಟ್ ಆಗುತ್ತವೆ. ಹತ್ತರಲ್ಲಿ ಒಂದು ಸಲ ಎಚ್ಚರಗೊಳ್ಳದ ಬೋರ್ಡು ಎಂದರೆ, ರೈತ ನಡುರಾತ್ರಿ ಬ್ಯಾಟರಿ ಹಿಡಿದು ಕಬ್ಬಿನ ಗದ್ದೆಗೆ ನಡೆಯಬೇಕು ಎಂದರ್ಥ.

ಆದ್ದರಿಂದ ನಮ್ಮ ಭಾಗದ ಕಾಲೇಜುಗಳು ಈಗಿರುವ ಬೋರ್ಡುಗಳಲ್ಲೇ, ಡಿಬಗರ್ ತೆಗೆದಿಟ್ಟು, ಚಿಕ್ಕ ಬೂಟ್‌ಲೋಡರ್ ಬರೆದು ಕರ್ನಲ್‌ಗೆ ಅಧಿಕಾರ ಹಸ್ತಾಂತರಿಸುವ ಒಂದು ಪ್ರಯೋಗವನ್ನಾದರೂ ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ. ಅಪ್‌ಡೇಟ್ ನಡುವೆ ಕರೆಂಟು ಹೋದರೂ ಬೋರ್ಡು ಕೆಡದಂತೆ ನೋಡಿಕೊಳ್ಳುವ, ಹೊಸ ಪ್ರೋಗ್ರಾಮು ಸರಿಯಾಗಿ ಓಡದಿದ್ದರೆ ಹಳೆಯದಕ್ಕೆ ಮರಳುವ ಬಗೆಯನ್ನು ತಿಳಿಯಲು ಎಂಸಿಯುಬೂಟ್ ಎಂಬ ಬೂಟ್‌ಲೋಡರಿನ ಮುಕ್ತ ಸೋರ್ಸ್ ಕೋಡನ್ನು ಓದಿಸಬಹುದು. ರಿಲೇ ಸುಟ್ಟು ನಮ್ಮ ಕಪಾಟಿನಲ್ಲಿ ಬಿದ್ದಿರುವ ಬೋರ್ಡುಗಳಲ್ಲಿ ಚಿಪ್ಪು ಇನ್ನೂ ಚೆನ್ನಾಗಿಯೇ ಇದೆ. ಕೇಳಿ ಬಂದ ಅಧ್ಯಾಪಕರಿಗೆ ಅವನ್ನು ಪುಕ್ಕಟೆ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಸಣ್ಣ ಉದ್ಯಮಿ, ಉದ್ಯಮಬಾಗ, ಬೆಳಗಾವಿ