ಕೆಟ್ಟದ್ದು ಮೋಟಾರಲ್ಲ, ಪರೀಕ್ಷಿಸುವ ಕ್ರಮ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ವಾಹನ ಚಲಾಯಿಸುವವರಿಗಾಗಿ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನದಲ್ಲಿ ಟಯರು, ಬ್ರೇಕು, ವೈಪರುಗಳ ಬಗ್ಗೆ ಒಳ್ಳೆಯ ಸೂಚನೆಗಳಿದ್ದವು. ಎದುರಿನ ಗಾಜಿನ ಒಳಮೈಯಲ್ಲಿ ಹಬೆ ಕೂರುವ ತೊಂದರೆಯನ್ನು ಮಾತ್ರ ಬಟ್ಟೆಯಿಂದ ಒರೆಸಿಕೊಳ್ಳಬೇಕೆಂಬ ಒಂದೇ ವಾಕ್ಯದಲ್ಲಿ ಮುಗಿಸಲಾಗಿತ್ತು. ಹಳೆಯ ಕಾರಿನಲ್ಲಿ ಗಾಜಿಗೆ ಗಾಳಿ ಊದುವ ಬ್ಲೋವರ್ ಕೆಟ್ಟು, ಆ ಒಂದು ವಾಕ್ಯವನ್ನೇ ನಂಬಿ ಘಾಟಿ ಹತ್ತಬೇಕಾಗಿ ಬಂದವನೊಬ್ಬನ ಅನುಭವವನ್ನು ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ನನ್ನದು 1978ರ ಅಂಬಾಸಿಡರ್ ಮಾರ್ಕ್ 3. ಇದರ ಹಿಂದಿನ ಯಜಮಾನರು ಮಡಿಕೇರಿಯವರಾದ್ದರಿಂದ ಅಲ್ಲಿಯ ಚಳಿಗೆಂದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹೀಟರಿನ ಪೆಟ್ಟಿಗೆಯೊಂದನ್ನು ಬೇರೆಯಾಗಿ ತರಿಸಿ ಕೂರಿಸಿದ್ದರು. ಎಂಜಿನಿನ ಬಿಸಿನೀರು ಆ ಪೆಟ್ಟಿಗೆಯೊಳಗಿನ ಸಣ್ಣ ರೇಡಿಯೇಟರಿನಲ್ಲಿ ಹರಿಯುತ್ತದೆ. ಅದರ ಎಡೆಯಿಂದ ಬ್ಲೋವರ್ ಗಾಳಿಯನ್ನು ಎದುರಿನ ಗಾಜಿಗೆ ಊದುತ್ತದೆ. ಮುಳ್ಳೇರಿಯದ ಸೆಕೆಗೆ ಹೀಟರ್ ಯಾಕೆ ಎಂದು ನಗುವವರು ನಮ್ಮೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರು ಆಟಿ ತಿಂಗಳ ಜಡಿಮಳೆಯಲ್ಲಿ ನಾಲ್ವರನ್ನು ಕೂರಿಸಿಕೊಂಡು, ಕಿಟಕಿಗಳನ್ನೆಲ್ಲ ಏರಿಸಿ, ಸಂಪಾಜೆ ಘಾಟಿಯನ್ನು ಒಮ್ಮೆ ಹತ್ತಿ ನೋಡಬೇಕು. ಉಸಿರಿನ ತೇವವೂ ಒದ್ದೆ ಬಟ್ಟೆಯ ತೇವವೂ ತಣ್ಣನೆಯ ಗಾಜಿಗೆ ತಾಗಿ ನೀರಾಗುತ್ತವೆ. ಬಿಸಿಗಾಳಿ ಬಡಿದು ಗಾಜು ಬೆಚ್ಚಗಾದರೆ ಆ ಮಬ್ಬು ಬಿಡುತ್ತದೆ.

ಕಳೆದ ವರ್ಷ ಸುಳ್ಯ ದಾಟಿ ಘಾಟಿಯ ತಿರುವುಗಳು ಶುರುವಾದ ಮೇಲೆ ಬ್ಲೋವರ್ ನಿಂತಿತು. ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ಬೈರಾಸಿನಿಂದ, ಅಂದರೆ ಟವೆಲಿನಿಂದ, ಗಾಜನ್ನು ಒರೆಸುತ್ತ ಹೋದಳು. ಅವಳು ಒರೆಸಿದ ಅಂಗೈಯಗಲದ ಜಾಗದಿಂದ ದಾರಿ ನೋಡುತ್ತ ನಾನು ಎರಡನೇ ಗೇರಿನಲ್ಲೇ ಮಡಿಕೇರಿ ಮುಟ್ಟಿದೆ. ಹಿಂದಿರುಗಿ ಬಂದು ಗ್ಯಾರೇಜಿನಲ್ಲಿ ತೋರಿಸಿದಾಗ ಅಲ್ಲಿಯ ಹುಡುಗ ಮೋಟಾರಿನ ಪ್ಲಗ್ಗನ್ನು ಬಿಡಿಸಿ, ಅದರ ಎರಡು ತುದಿಗಳಿಗೆ ಮೀಟರ್ ಹಿಡಿದು, ಹನ್ನೆರಡು ವೋಲ್ಟ್ ಬರುತ್ತಿದೆಯೆಂದು ನನಗೂ ತೋರಿಸಿದನು. ಕರೆಂಟು ಸರಿಯಿರುವಾಗ ಮೋಟಾರೇ ಹೋಗಿರಬೇಕೆಂಬುದು ಅವನ ತೀರ್ಮಾನವಾಗಿತ್ತು. ಎರಡು ಸಾವಿರದ ಎಂಟುನೂರು ರೂಪಾಯಿಗೆ ಬೇರೆ ಮೋಟಾರು ಬಂತು. ತಿರುಗಿತು, ಸದ್ದೂ ಜೋರಾಗಿತ್ತು. ಆದರೆ ಗಾಳಿ ಮೊದಲಿನ ಅರ್ಧದಷ್ಟೂ ಇರಲಿಲ್ಲ. ಒಂಬತ್ತನೆಯ ದಿನ ಅದೂ ನಿಂತಿತು. ಎರಡನೇ ಸಲ ಸ್ವಿಚ್ ಬದಲಾಯಿತು. ಮೂರನೇ ಸಲ ವೈರಿಂಗನ್ನೇ ಪೂರ್ತಿ ಬದಲಾಯಿಸಬೇಕೆಂದಾಗ ನಾನು ಕಾರನ್ನು ಮನೆಗೆ ತಂದೆ.

ಮನೆಯಲ್ಲಿ ನಾನು ಬಳಸಿದ್ದು ಇಂಡಿಕೇಟರಿನ ಇಪ್ಪತ್ತೊಂದು ವಾಟಿನ ಒಂದು ಹಳೆಯ ಬಲ್ಬನ್ನು, ಅದಕ್ಕೆ ಬೆಸುಗೆ ಹಾಕಿದ ಎರಡು ವೈರುಗಳನ್ನು. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆಯಾದ್ದರಿಂದ, ಕಿಲುಬು ಹಿಡಿದ ಜೋಡಣೆಯ ಮೂಲಕವೂ ಅದು ಹನ್ನೆರಡು ವೋಲ್ಟನ್ನೇ ತೋರಿಸುತ್ತದೆ. ಬಲ್ಬು ಹೆಚ್ಚುಕಡಿಮೆ ಒಂದು ಮುಕ್ಕಾಲು ಆಂಪಿಯರ್ ಕೇಳುತ್ತದೆ. ಕೊಡಲಾಗದ ಜೋಡಣೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಹುಡುಗ ಮೀಟರ್ ಹಿಡಿದಿದ್ದ ಅದೇ ಪ್ಲಗ್ಗಿಗೆ ಬಲ್ಬು ಹಿಡಿದಾಗ ಅದು ಆರುವ ಕೆಂಡದಂತೆ ಮಂಕಾಗಿ ಉರಿಯಿತು. ಬಲ್ಬಿನ ಅರ್ತ್ ವೈರನ್ನು, ಅಂದರೆ ಕರೆಂಟು ಬ್ಯಾಟರಿಗೆ ಹಿಂದಿರುಗುವ ವೈರನ್ನು, ಅಲ್ಲಿಂದ ತೆಗೆದು ನೇರವಾಗಿ ಬ್ಯಾಟರಿಯ ನೆಗೆಟಿವಿಗೆ ತಾಗಿಸಿದ ಕೂಡಲೇ ಪೂರ್ತಿ ಬೆಳಗಿತು. ಅಂದರೆ ಫ್ಯೂಸು, ಸ್ವಿಚ್, ಹೋಗುವ ವೈರು ಎಲ್ಲವೂ ಸರಿಯಾಗಿದ್ದು, ಕರೆಂಟು ಹಿಂದಿರುಗುವ ದಾರಿಯಲ್ಲಿ ಮಾತ್ರ ತೊಡಕಿತ್ತು.

ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ಅಂಗಾತ ಮಲಗಿ ನೋಡಿದಾಗ, ಅರ್ತಿನ ವೈರನ್ನು ಕಾರಿನ ತಗಡಿನ ಮೈಗೆ ಬಿಗಿದ ಸ್ಕ್ರೂ ತುಕ್ಕಿನಲ್ಲಿ ಮುಳುಗಿತ್ತು. ಎದುರಿನ ಗಾಜಿನ ರಬ್ಬರು ಒಣಗಿ ಬಿರಿದಿದ್ದರಿಂದ ನೀರು ಎಷ್ಟು ಮಳೆಗಾಲಗಳಿಂದ ಅದರ ಮೇಲೆ ತೊಟ್ಟಿಕ್ಕುತ್ತಿತ್ತೋ ತಿಳಿಯದು. ಮೋಟಾರು ಬದಲಿಸುವಾಗ ವೈರು ಅಲುಗಾಡಿ ಜೋಡಣೆ ಸ್ವಲ್ಪ ಹಿಡಿದುಕೊಂಡಿತ್ತು. ಆ ಒಂಬತ್ತು ದಿನಗಳ ಗುಟ್ಟು ಅಷ್ಟೇ. ಸ್ಕ್ರೂ ಬಿಚ್ಚಿ, ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದು, ಮೇಲಿಂದ ಗ್ರೀಸ್ ಸವರಿದೆ. ಖರ್ಚು ಹತ್ತು ರೂಪಾಯಿಯೂ ಆಗಲಿಲ್ಲ. ರಬ್ಬರನ್ನು ಆಮೇಲೆ ಬದಲಿಸಿದೆ.

ಗಾಳಿ ಕಡಿಮೆಯಾದದ್ದಕ್ಕೆ ಕಾರಣ ಬೇರೆ. ಗ್ಯಾರೇಜಿನಲ್ಲಿ ಹೊಸ ಮೋಟಾರಿನ ಎರಡು ವೈರುಗಳನ್ನು ಅದಲುಬದಲು ಕೊಟ್ಟಿದ್ದರು. ಅಯಸ್ಕಾಂತದ ಮೋಟಾರು ಹಾಗೆ ಕೊಟ್ಟರೆ ಹಿಂದುಮುಂದಾಗಿ ತಿರುಗುತ್ತದೆ. ಪಂಜರದಂತಿರುವ ಬ್ಲೋವರ್ ಚಕ್ರ ಹಿಮ್ಮುಖವಾಗಿ ತಿರುಗಿದರೂ ಗಾಳಿಯನ್ನು ಅದೇ ಬಾಯಿಂದ ಹೊರದಬ್ಬುತ್ತದೆ, ಆದರೆ ಬಲವಿರುವುದಿಲ್ಲ. ಆದ್ದರಿಂದ ಸುಲಭದಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ನಾನು ಕೇಳಿ ತಂದಿಟ್ಟುಕೊಂಡಿದ್ದ ಹಳೆಯ ಮೋಟಾರನ್ನು ನೇರವಾಗಿ ಬ್ಯಾಟರಿಗೆ ಹಿಡಿದಾಗ ಅದು ಮೊದಲ ಏಟಿಗೇ ತಿರುಗಿತು. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆಯದೆ ಇನ್ನೂ ಉದ್ದವಿತ್ತು. ಆ ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಯನ್ನು, ಅಂದರೆ ಕಮ್ಯುಟೇಟರನ್ನು, ನಯವಾದ ಮರಳು ಕಾಗದದಿಂದ ಒರೆಸಿ, ಅಚ್ಚು ತಿರುಗುವ ಬುಷ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ತೊಟ್ಟು ಬಿಟ್ಟು ಅದನ್ನೇ ಮತ್ತೆ ಕೂರಿಸಿದ್ದೇನೆ. ಇದಕ್ಕೆ ಎಮರಿ ಬಟ್ಟೆ ಬಳಸಬಾರದು. ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಸೇರಿ ಕೆಡುಕು ಮಾಡುತ್ತದೆ. ಬ್ಲೋವರ್ ಪೆಟ್ಟಿಗೆಯೊಳಗೆ ಇಲಿ ತಂದು ತುಂಬಿದ್ದ ತೆಂಗಿನ ನಾರು ಒಂದು ಹಿಡಿಯಷ್ಟು ಸಿಕ್ಕಿತೆಂಬುದನ್ನೂ, ಕಾರನ್ನು ತೋಟದ ಶೆಡ್ಡಿನಲ್ಲಿಡುವ ನಮ್ಮ ಕಡೆಯವರ ಗಮನಕ್ಕಾಗಿ, ಹೇಳಬೇಕು.

ಬೇರೆ ಲಕ್ಷಣಗಳಿಗೆ ಬೇರೆ ಕಾರಣಗಳಿರುತ್ತವೆ. ಬ್ಲೋವರ್ ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗಿ ಕಡಿಮೆ ವೇಗದಲ್ಲಿ ನಿಲ್ಲುವುದಾದರೆ ಸಾಮಾನ್ಯವಾಗಿ ಕರೆಂಟು ತಗ್ಗಿಸಿ ವೇಗ ಇಳಿಸುವ ರೆಸಿಸ್ಟರ್ ಸುಟ್ಟಿರುತ್ತದೆ, ಏಕೆಂದರೆ ಹೆಚ್ಚಿನ ವೇಗಕ್ಕೆ ಅದರ ಹಂಗಿಲ್ಲ. ಫ್ಯೂಸು ಮತ್ತೆ ಮತ್ತೆ ಹೋಗುವುದಾದರೆ ಮೋಟಾರು ಬಿಗಿಯಾಗಿದೆಯೋ, ವೈರು ಎಲ್ಲಾದರೂ ಕಾರಿನ ತಗಡಿಗೆ ತಾಗುತ್ತಿದೆಯೋ ನೋಡಬೇಕು. ಫ್ಯೂಸಿಗೆ ಸಿಗರೇಟಿನ ಬೇಗಡೆ ಸುತ್ತುವುದು ಕಾರಿಗೆ ಬೆಂಕಿ ಕೊಟ್ಟಂತೆ. ಗಾಜಿಗೆ ಜಿಡ್ಡಿನಂಥ ಪೊರೆ ಬಂದು ಒಳಗೆ ಸಿಹಿ ವಾಸನೆ ಹಬ್ಬಿದರೆ ಎಂಜಿನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಸೋರುತ್ತಿದೆಯೆಂದು ಅರ್ಥ. ಅದು ಇಲೆಕ್ಟ್ರಿಷಿಯನ್ನರ ಕೆಲಸವಲ್ಲ.

2021ರ ನಿಯಮದಂತೆ ಐವತ್ತು ವರ್ಷ ತುಂಬಿದ ವಾಹನ ಮಾತ್ರ ವಿಂಟೇಜ್ ಎನಿಸಿಕೊಳ್ಳುವುದರಿಂದ ನನ್ನ ಕಾರಿಗೆ ಇನ್ನೂ ಆ ಗೌರವವಿಲ್ಲ. ಐದು ವರ್ಷಕ್ಕೊಮ್ಮೆ ಮಾಮೂಲಿನಂತೆ ನೋಂದಣಿ ನವೀಕರಿಸಿಕೊಳ್ಳಬೇಕು. ಈವರೆಗಿನ ತಪಾಸಣೆಗಳಲ್ಲಿ ಲೈಟು, ಹಾರ್ನು, ಬ್ರೇಕುಗಳನ್ನು ನೋಡಿದರೇ ಹೊರತು ಬ್ಲೋವರಿನ ಗುಂಡಿಯನ್ನು ಯಾರೂ ತಿರುಗಿಸಿ ನೋಡಲಿಲ್ಲ.

ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗ ಕಲಿತದ್ದು ಬಿಡಿಭಾಗ ಬದಲಿಸುವ ಕಾಲದಲ್ಲಿ. ಆದರೂ ಏನನ್ನು ಪರೀಕ್ಷಿಸಿ ಈ ಭಾಗ ಕೆಟ್ಟಿದೆಯೆಂದು ನಿರ್ಧರಿಸಿದರೆಂಬುದನ್ನು ಬಿಲ್ಲಿನಲ್ಲಿ ಒಂದು ಸಾಲು ಬರೆದುಕೊಡುವುದು, ಬಿಚ್ಚಿದ ಭಾಗವನ್ನು ಕೇಳದೆಯೇ ಹಿಂದಿರುಗಿಸುವುದು ಅವರಿಗೇನೂ ಕಷ್ಟವಲ್ಲ. ತಮ್ಮ ಪತ್ರಿಕೆಯೂ ಮುಂದಿನ ಮಳೆಗಾಲದ ಲೇಖನದಲ್ಲಿ ಬೈರಾಸಿನ ಜೊತೆಗೆ ಒಂದು ಬಲ್ಬು, ಎರಡು ವೈರುಗಳಿಗೂ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ
ಮುಳ್ಳೇರಿಯ, ಕಾಸರಗೋಡು ಜಿಲ್ಲೆ